ಚಿಪ್ಸ್ ಕಂಪನಿಯದ್ದು, ಖಾಲಿ ಪ್ಯಾಕೆಟ್ ನಗರಸಭೆಯದ್ದಾ? ‘ಇಪಿಆರ್’ ಕಾನೂನು ಅರಸೀಕೆರೆಗೆ ಯಾಕೆ ಬೇಕು

ಅರಸೀಕೆರೆ: ಬೆಳಗ್ಗೆ ಬಸ್ ನಿಲ್ದಾಣದ ಸುತ್ತ ಪೌರಕಾರ್ಮಿಕರು ಗುಡಿಸೋಕೆ ಶುರು ಮಾಡಿದ್ರೆ ಪೊರಕೆಗೆ ಮೊದಲು ಸಿಗೋದು ಏನು? ಚಿಪ್ಸ್ ಪ್ಯಾಕೆಟ್, ಬಿಸ್ಕತ್ ಕವರ್, ಪಾನ್ ಮಸಾಲ ಪೊಟ್ಟಣ, ಐದು ರೂಪಾಯಿ ಕುರುಕಲು ತಿಂಡಿಯ ಕವರ್. ಮಳೆ ಬಂದ್ರೆ ಇದೇ ಚರಂಡಿಗೆ ಹೋಗುತ್ತೆ. ಚರಂಡಿ ಕಟ್ಟಿಕೊಂಡ್ರೆ ಬೈಗುಳ ನಗರಸಭೆಗೆ. ಕೈ ಹಾಕಿ ತೆಗೆಯೋದು ಪೌರಕಾರ್ಮಿಕರು. ಖರ್ಚು ಜನರ ತೆರಿಗೆಯಿಂದ.

ಈ ಪ್ಯಾಕೆಟ್ ಮಾಡಿ, ಅದರ ಮೇಲೆ ತನ್ನ ಹೆಸರು ಅಚ್ಚು ಹಾಕಿ, ಲಾಭ ತಗೊಂಡ ಕಂಪನಿ ಮಾತ್ರ ಈ ಚಿತ್ರದಲ್ಲಿ ಎಲ್ಲೂ ಕಾಣಲ್ಲ.

ಆದರೆ ಕಾನೂನಿನಲ್ಲಿ ಕಾಣುತ್ತೆ. ಖಾಲಿ ಪ್ಯಾಕೆಟ್‌ಗೂ ಕಂಪನಿಯೇ ಹೊಣೆ ಅಂತ ಹೇಳುವ ನಿಯಮ ದೇಶದಲ್ಲಿ ಬಂದು ಹತ್ತು ವರ್ಷದ ಮೇಲಾಯ್ತು. ಅದರ ಹೆಸರು ‘ವಿಸ್ತೃತ ಉತ್ಪಾದಕರ ಹೊಣೆಗಾರಿಕೆ’. ಚಿಕ್ಕದಾಗಿ ಇಪಿಆರ್. ಈ ನಿಯಮ ಏನು, ಹೇಗೆ ನಡೆಯುತ್ತೆ, ನಮ್ಮ ಊರಿನ ಚರಂಡಿವರೆಗೆ ಯಾಕೆ ಬಂದಿಲ್ಲ ಅನ್ನೋದರ ವಿವರ ಇಲ್ಲಿದೆ.

ಏನಿದು ಇಪಿಆರ್?

ಸರಳವಾಗಿ ಹೇಳೋದಾದ್ರೆ, ಮಾಲು ಮಾರಿದ ತಕ್ಷಣ ಕಂಪನಿಯ ಜವಾಬ್ದಾರಿ ಮುಗಿಯಲ್ಲ. ಗ್ರಾಹಕ ತಿಂದು ಬಿಸಾಕಿದ ಮೇಲೆ ಉಳಿಯುವ ಕವರ್, ಬಾಟಲಿ, ಡಬ್ಬಿಯನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೋ ಸರಿಯಾದ ವಿಲೇವಾರಿಗೋ ಕಳಿಸುವ ಖರ್ಚೂ ಅದರದ್ದೇ.

ಈ ಹೆಸರು ಹುಟ್ಟಿದ್ದು ಸ್ವೀಡನ್‌ನಲ್ಲಿ. 1990ರಲ್ಲಿ ಥಾಮಸ್ ಲಿಂಡ್‌ಕ್ವಿಸ್ಟ್ ಅನ್ನುವ ತಜ್ಞ ಅಲ್ಲಿನ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಈ ವಿಚಾರ ಮುಂದಿಟ್ಟರು. ಮರುವರ್ಷ, ಅಂದ್ರೆ 1991ರಲ್ಲಿ, ಜರ್ಮನಿ ಪ್ಯಾಕೇಜಿಂಗ್‌ಗೆ ಅಂತಲೇ ಕಾನೂನು ಮಾಡಿತು. ಕಂಪನಿಗಳೇ ದುಡ್ಡು ಹಾಕಿ ಮನೆಮನೆಯಿಂದ ಪ್ಯಾಕೇಜಿಂಗ್ ಕಸ ಸಂಗ್ರಹಿಸುವ ಪ್ರತ್ಯೇಕ ವ್ಯವಸ್ಥೆ ಅಲ್ಲಿ ಬಂತು.

ಇದರ ಹಿಂದಿನ ಲೆಕ್ಕಾಚಾರ ಇಷ್ಟೇ: ಕಸದ ಖರ್ಚು ತನ್ನ ಜೇಬಿಗೇ ಬಂದ್ರೆ ಕಂಪನಿ ಪ್ಯಾಕೆಟ್ ಮಾಡುವಾಗಲೇ ಯೋಚನೆ ಮಾಡುತ್ತೆ. ಮರುಬಳಕೆಗೆ ಆಗದ ಕವರ್ ಬಿಟ್ಟು ಬೇರೆ ಹುಡುಕುತ್ತೆ. ಖರ್ಚು ಊರಿನ ಮೇಲೆ ಬಿದ್ರೆ ಯೋಚನೆ ಮಾಡುವ ಅಗತ್ಯವೇ ಬರಲ್ಲ.

ನಮ್ಮಲ್ಲಿ ಯಾವಾಗ ಬಂತು?

2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೇ ಈ ಪದ ಇತ್ತು. ಗಟ್ಟಿಯಾಗಿ ಬಂದಿದ್ದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ. ಅದುವರೆಗೆ ಪಟ್ಟಣಗಳಿಗೆ ಮಾತ್ರ ಇದ್ದ ನಿಯಮ ಅವತ್ತಿಂದ ಗ್ರಾಮ ಪಂಚಾಯಿತಿಗಳಿಗೂ ಅನ್ವಯ ಆಯ್ತು. ಹಾಗಾಗಿ ಇದು ಅರಸೀಕೆರೆ ಪೇಟೆಗೆ ಮಾತ್ರ ಸೇರಿದ ವಿಷಯ ಅಲ್ಲ, ಗಂಡಸಿ, ಜಾವಗಲ್, ಬಾಣಾವರ, ಕಣಕಟ್ಟೆ ಕಡೆಯ ಹಳ್ಳಿಗಳಿಗೂ ಸೇರಿದ್ದು.

2016ರ ನಿಯಮದಲ್ಲಿ ಇನ್ನೊಂದು ಮಾತಿತ್ತು. ಮರುಬಳಕೆಗೆ ಆಗದ ಬಹುಪದರದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಅಂತ. ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ, ತಿದ್ದುಪಡಿ ಬಂತು. ಮರುಬಳಕೆ ಆಗದಿದ್ರೂ ಸುಟ್ಟು ಶಕ್ತಿ ಪಡೆಯಲು ಆಗುವಂಥದ್ದು, ಬೇರೆ ಯಾವುದಕ್ಕಾದ್ರೂ ಬಳಕೆಗೆ ಬರುವಂಥದ್ದು ಇರಬಹುದು ಅಂತಾಯ್ತು. ಪ್ಲಾಸ್ಟಿಕ್ ಯಾವುದಾದ್ರೂ ಸುಟ್ಟರೆ ಉರಿಯುತ್ತೆ. ಹಾಗಾಗಿ ಪೊಟ್ಟಣಗಳು ಉಳಿದುಕೊಂಡವು.

2022ರ ಫೆಬ್ರವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ಇಪಿಆರ್‌ಗೆ ಪೂರ್ಣ ಮಾರ್ಗಸೂಚಿ ಹೊರಡಿಸಿತು. ಈಗ ನಡೆಯುತ್ತಿರೋದು ಅದರ ಪ್ರಕಾರವೇ.

ಯಾರ್‍ಯಾರ ಮೇಲೆ ಹೊಣೆ?

ಮುಖ್ಯವಾಗಿ ಮೂರು ಜನ. ಪ್ಲಾಸ್ಟಿಕ್ ಪ್ಯಾಕೇಜಿಂಗ್ ತಯಾರಿಸುವವರು, ಅದನ್ನು ಅಥವಾ ಅದರಲ್ಲಿ ಪ್ಯಾಕ್ ಆದ ಮಾಲನ್ನು ಹೊರದೇಶದಿಂದ ತರಿಸುವವರು, ತಮ್ಮ ಬ್ರ್ಯಾಂಡ್ ಹೆಸರಲ್ಲಿ ಮಾಲು ಮಾರುವವರು. ಆನ್‌ಲೈನ್ ಮಾರಾಟ ತಾಣಗಳು, ದೊಡ್ಡ ಸೂಪರ್ ಮಾರ್ಕೆಟ್ ಸರಣಿಗಳೂ ಈ ಪಟ್ಟಿಯಲ್ಲಿವೆ.

ಮನೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಕವರ್‌ಗೆ ಹಾಕಿ ಮಾರುವವರು, ಸಣ್ಣ ಬೇಕರಿಯವರು ಹೆದರಬೇಕಾಗಿಲ್ಲ. ಬ್ರ್ಯಾಂಡ್ ಹೆಸರಲ್ಲಿ ಮಾರುವ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಈ ಹೊಣೆಯಿಂದ ವಿನಾಯಿತಿ ಇದೆ.

ಹಾಗೇ, ಪ್ಯಾಕೇಜಿಂಗ್ ಅನ್ನು ಗುಂಪು ಮಾಡಿದ್ದಾರೆ. ಮುಖ್ಯವಾದವು ಇವು:

- ಒಂದನೇ ಗುಂಪು: ಗಟ್ಟಿ ಪ್ಲಾಸ್ಟಿಕ್. ನೀರಿನ ಬಾಟಲಿ, ಎಣ್ಣೆ ಕ್ಯಾನ್, ಡಬ್ಬಿ.
- ಎರಡನೇ ಗುಂಪು: ಮೆತ್ತಗಿನ ಪ್ಲಾಸ್ಟಿಕ್. ಹಾಲಿನ ಪ್ಯಾಕೆಟ್, ಕವರ್, ಪೌಚ್.
- ಮೂರನೇ ಗುಂಪು: ಪ್ಲಾಸ್ಟಿಕ್ ಜೊತೆ ಕಾಗದವೋ ಅಲ್ಯೂಮಿನಿಯಂ ಹಾಳೆಯೋ ಸೇರಿಸಿ ಅಂಟಿಸಿದ ಬಹುಪದರದ ಪ್ಯಾಕ್.
- ನಾಲ್ಕನೇ ಗುಂಪು: ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್.

ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ಗೆ ಎಷ್ಟರಮಟ್ಟಿಗೆ ಹೊಣೆ ಹೊರಬೇಕು ಅನ್ನೋದಕ್ಕೂ ಗುರಿ ಇದೆ. 2021–22ರಲ್ಲಿ ಶೇ 25, 2022–23ರಲ್ಲಿ ಶೇ 70, 2023–24ರಿಂದ ಶೇ 100. ಅಂದ್ರೆ ಈಗ ಪೂರ್ತಿ ಹೊಣೆ ಕಂಪನಿಯದ್ದೇ.

ಅದರೊಳಗೆ ಮರುಬಳಕೆ ಎಷ್ಟಾಗಬೇಕು ಅನ್ನೋದು ಬೇರೆ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ 2024–25ಕ್ಕೆ ಕನಿಷ್ಠ ಶೇ 50 ಇದ್ದದ್ದು 2027–28ಕ್ಕೆ ಶೇ 80 ಆಗಬೇಕು. ಎರಡು ಮತ್ತು ಮೂರನೇ ಗುಂಪಿನಲ್ಲಿ ಶೇ 30ರಿಂದ ಶೇ 60ಕ್ಕೆ ಏರಬೇಕು.

ಲೆಕ್ಕ ನಡೆಯೋದು ಹೇಗೆ?

ಒಂದು ಉದಾಹರಣೆ ನೋಡೋಣ. ಒಂದು ತಿಂಡಿ ಕಂಪನಿ ಒಂದು ವರ್ಷಕ್ಕೆ 100 ಟನ್ ಮೆತ್ತಗಿನ ಪ್ಲಾಸ್ಟಿಕ್ ಕವರ್ ಲೆಕ್ಕ ಕೊಡಬೇಕು ಅಂದುಕೊಳ್ಳಿ. ಕಂಪನಿಯವರು ಊರೂರಿಗೆ ಬಂದು ಕವರ್ ಆಯಬೇಕಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಅಲ್ಲೇ ನೋಂದಣಿ ಆಗಿರುವ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಪಡೆಯಬೇಕು.

ಘಟಕದವರು ಇಷ್ಟು ಟನ್ ಪ್ಲಾಸ್ಟಿಕ್ ಸಂಸ್ಕರಿಸಿದ್ದೇವೆ ಅಂತ ಪ್ರಮಾಣಪತ್ರ ಮಾಡ್ತಾರೆ. ಕಂಪನಿ ದುಡ್ಡು ಕೊಟ್ಟು ಅದನ್ನು ಕೊಳ್ಳುತ್ತೆ. ಶೇ 30 ಗುರಿ ಇದ್ದ ವರ್ಷದಲ್ಲಿ ಕನಿಷ್ಠ 30 ಟನ್‌ಗೆ ಮರುಬಳಕೆ ಪ್ರಮಾಣಪತ್ರ ಬೇಕು. ಉಳಿದದ್ದರಲ್ಲಿ ಮರುಬಳಕೆ ಆಗದ್ದು ಸಿಮೆಂಟ್ ಕಾರ್ಖಾನೆಯ ಗೂಡಿಗೋ ರಸ್ತೆ ಡಾಂಬರಿಗೋ ಹೋಗಬಹುದು. ಅದಕ್ಕೂ ಪ್ರಮಾಣಪತ್ರ ಇದೆ. ಒಂದು ಕಂಪನಿ ಹತ್ರ ಹೆಚ್ಚಾದರೆ ಇನ್ನೊಂದಕ್ಕೆ ಮಾರಬಹುದು.

ಗುರಿ ತಪ್ಪಿದ್ರೆ ‘ಪರಿಸರ ಪರಿಹಾರ’ ಅಂತ ದಂಡ ಕಟ್ಟಬೇಕು. ದಂಡ ಕಟ್ಟಿದ ಮಾತ್ರಕ್ಕೆ ಬಾಕಿ ಮನ್ನಾ ಆಗಲ್ಲ, ಮುಂದಿನ ವರ್ಷಕ್ಕೆ ಸೇರುತ್ತೆ. ಬಾಕಿಯನ್ನು ಒಂದು ವರ್ಷದೊಳಗೆ ಮುಗಿಸಿದರೆ ದಂಡದ ಶೇ 75, ಎರಡು ವರ್ಷದೊಳಗೆ ಆದರೆ ಶೇ 60, ಮೂರು ವರ್ಷದೊಳಗೆ ಆದರೆ ಶೇ 40 ವಾಪಸ್ ಸಿಗುತ್ತೆ. ಆಮೇಲೆ ಏನೂ ಇಲ್ಲ.

ಹಾಗಾದ್ರೆ ಅರಸೀಕೆರೆಯಲ್ಲಿ ಯಾಕೆ ಕಾಣಲ್ಲ?

ಇಲ್ಲೇ ಇರೋದು ವಿಷಯ. ಕಾನೂನು ಕೇಳೋದು ತೂಕವನ್ನು. ಯಾವ ಊರಿನ ಕಸ ಅಂತ ಕೇಳಲ್ಲ.

ಅರಸೀಕೆರೆಯಲ್ಲಿ ಮಾರಿದ ಪ್ಯಾಕೆಟ್‌ಗೆ ಬದಲಾಗಿ ಬೇರೆ ರಾಜ್ಯದ ಯಾವುದೋ ದೊಡ್ಡ ನಗರದಲ್ಲಿ ಸಂಗ್ರಹಿಸಿದ ಅದೇ ಗುಂಪಿನ ಅಷ್ಟೇ ತೂಕದ ಪ್ಲಾಸ್ಟಿಕ್ ತೋರಿಸಿದ್ರೂ ಲೆಕ್ಕ ಚುಕ್ತಾ. ಕಂಪನಿ ಯಾವ ಕಡೆ ಹೋಗುತ್ತೆ? ಕಸ ಒಂದೇ ಕಡೆ ರಾಶಿ ಸಿಗುವ, ಮರುಬಳಕೆ ಘಟಕ ಹತ್ತಿರ ಇರುವ, ಲಾರಿ ಬಾಡಿಗೆ ಕಡಿಮೆ ಆಗುವ ಕಡೆಗೆ. ಸಣ್ಣ ಪೇಟೆಯ ಚರಂಡಿಯಲ್ಲಿ, ತೆಂಗಿನ ತೋಟದ ಬೇಲಿಯಲ್ಲಿ, ಕೆರೆ ಏರಿ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಕವರ್ ಆಯೋಕೆ ಯಾರೂ ಬರಲ್ಲ. ಪೋರ್ಟಲ್‌ನಲ್ಲಿ ಕಂಪನಿಯ ಗುರಿ ನೂರಕ್ಕೆ ನೂರು. ನಮ್ಮ ಬೀದಿಯಲ್ಲಿ ಅದೇ ಕಂಪನಿಯ ಕವರ್ ಇದ್ದಲ್ಲೇ ಇರುತ್ತೆ. ಎರಡೂ ಒಟ್ಟಿಗೆ ನಿಜ ಆಗಬಹುದು.

ದುಡ್ಡಿನ ಕಥೆಯೂ ಹೀಗೇ. ಮನೆಮನೆ ಕಸ ಸಂಗ್ರಹ, ಬೇರ್ಪಡಿಸುವುದು, ಶೆಡ್, ಗಾಡಿ, ಡೀಸೆಲ್ ಎಲ್ಲ ಸ್ಥಳೀಯ ಸಂಸ್ಥೆಯ ಕೆಲಸ ಅಂತ ನಿಯಮದಲ್ಲೇ ಬರೆದಿದೆ. ಕಂಪನಿಗಳು ನಗರಸಭೆ, ಪಂಚಾಯಿತಿಗಳ ಜೊತೆ ಪರಸ್ಪರ ಒಪ್ಪಿಗೆಯ ಮೇಲೆ ಕೈಜೋಡಿಸಬಹುದು ಅಂತಿದೆ. ‘ಬಹುದು’ ಅಷ್ಟೇ, ‘ಬೇಕು’ ಅಂತಿಲ್ಲ. ಹಾಗಾಗಿ ಆಸ್ತಿ ತೆರಿಗೆ ಜೊತೆ ಕಸದ ಸೆಸ್ ಕಟ್ಟುವ ಮನೆಯವರು ಕಂಪನಿಯ ಕವರ್‌ಗೂ ಸೇರಿಸಿಯೇ ಕಟ್ತಿದ್ದಾರೆ.

ಗುಜರಿಯವರು ಬಾಟಲಿ ಒಯ್ತಾರೆ, ಕವರ್ ಬಿಡ್ತಾರೆ. ಯಾಕೆ?

ರೈಲ್ವೆ ಜಂಕ್ಷನ್ ಇರುವ ಊರು ಇದು. ಪ್ಲಾಟ್‌ಫಾರ್ಮ್‌ನಲ್ಲಿ ಖಾಲಿ ನೀರಿನ ಬಾಟಲಿ ಹೆಚ್ಚು ಹೊತ್ತು ಬಿದ್ದಿರಲ್ಲ. ಆಯುವವರು ಬಂದು ಚೀಲಕ್ಕೆ ಹಾಕ್ತಾರೆ. ಪಕ್ಕದಲ್ಲೇ ಬಿದ್ದ ಕುರುಕಲು ತಿಂಡಿ ಕವರ್ ಮುಟ್ಟಲ್ಲ.

ಲೆಕ್ಕ ಹಾಕಿದ್ರೆ ಕಾರಣ ಗೊತ್ತಾಗುತ್ತೆ. ಒಂದು ಲೀಟರ್ ಬಾಟಲಿ ಸುಮಾರು 20ರಿಂದ 25 ಗ್ರಾಂ. 40–50 ಆಯ್ದರೆ ಒಂದು ಕೆ.ಜಿ. ಸಣ್ಣ ಪೊಟ್ಟಣ 2 ಗ್ರಾಂ ಇದ್ರೆ ಒಂದು ಕೆ.ಜಿ. ಆಗೋಕೆ 500 ಸಲ ಬಗ್ಗಬೇಕು. ಅಷ್ಟು ಬಗ್ಗಿ ತಂದ್ರೂ ಗುಜರಿಯಲ್ಲಿ ಅದನ್ನು ಕೊಳ್ಳುವವರಿಲ್ಲ. ಬೇರೆ ಬೇರೆ ಪದರ ಅಂಟಿಕೊಂಡಿರುವ ಪೊಟ್ಟಣವನ್ನು ಬಿಡಿಸಿ ಮರುಬಳಕೆ ಮಾಡೋದು ಕಷ್ಟ, ದುಬಾರಿ.

ಬಾಟಲಿ ವಾಪಸ್ ಹೋಗ್ತಿರೋದು ಕಾನೂನಿನಿಂದಲ್ಲ, ಬೆಲೆಯಿಂದ. ಬೆಲೆ ಇಲ್ಲದ ಕವರ್‌ಗೆ ಬೆಲೆ ತರಬೇಕಾಗಿದ್ದದ್ದು ಇಪಿಆರ್. ಕಂಪನಿಯ ದುಡ್ಡು ಕವರ್ ಆಯುವ ಕೈವರೆಗೆ ಬಂದಿದ್ರೆ ಕವರ್ ಕೂಡ ಚೀಲ ಸೇರ್‍ತಿತ್ತು. ಆ ದುಡ್ಡು ಪ್ರಮಾಣಪತ್ರ ಮಾಡುವ ಘಟಕದ ಹತ್ರವೇ ನಿಲ್ಲುತ್ತೆ. ಆಯುವವರಿಗೆ, ವಿಂಗಡಿಸುವವರಿಗೆ ಇಂತಿಷ್ಟು ತಲುಪಲೇಬೇಕು ಅಂತ ಮಾರ್ಗಸೂಚಿಯಲ್ಲಿ ಇಲ್ಲ.

ಕಾಗದದಲ್ಲೇ ಮುಗಿದ ಕಸ

ಪ್ರಮಾಣಪತ್ರಕ್ಕೆ ಬೆಲೆ ಬಂದ ಕೂಡಲೇ ನಕಲಿಯೂ ಬಂತು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮರುಬಳಕೆ ಘಟಕಗಳನ್ನು ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಪತ್ತೆಯಾದವು. ತಪಾಸಣೆ ನಡೆದ ರಾಜ್ಯಗಳಲ್ಲಿ ಗುಜರಾತ್, ಮಹಾರಾಷ್ಟ್ರದ ಜೊತೆ ಕರ್ನಾಟಕವೂ ಇತ್ತು.

ಇದರ ಅರ್ಥ, ಮರುಬಳಕೆಯೇ ಆಗದ ಪ್ಲಾಸ್ಟಿಕ್ ದಾಖಲೆಯಲ್ಲಿ ಮರುಬಳಕೆ ಆಗಿಹೋಗಿದೆ. ನಿಜವಾಗಿ ಕಸ ಸಂಸ್ಕರಿಸುವ ಘಟಕಕ್ಕೂ ಇದರಿಂದ ಪೆಟ್ಟು. ಕಡಿಮೆ ರೇಟಿಗೆ ನಕಲಿ ಸಿಗುವಾಗ ಅಸಲಿಯನ್ನು ಯಾರು ಕೊಳ್ತಾರೆ?

ದಾಳಿ ಅಂಗಡಿ ಮೇಲೆ ಮಾತ್ರ ಯಾಕೆ?

ಪೇಟೆಯ ಅಂಗಡಿಯವರು, ತರಕಾರಿ ಮಾರುವವರು ಎಲ್ಲ ಊರಲ್ಲೂ ಕೇಳುವ ಪ್ರಶ್ನೆ ಇದು. ಕ್ಯಾರಿ ಬ್ಯಾಗ್ ಸಿಕ್ಕಿದ್ರೆ ದಂಡ. ಅದೇ ಅಂಗಡಿಯಲ್ಲಿ ಸಾಲಾಗಿ ನೇತಾಡುವ ನೂರಾರು ಪ್ಯಾಕೆಟ್‌ಗಳಿಗೆ ಏನೂ ಇಲ್ಲ.

ಉತ್ತರ ನಿಯಮದಲ್ಲಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್, ತಟ್ಟೆ, ಲೋಟ ಮುಂತಾದವನ್ನು ನಿಷೇಧಿಸಿತು. ಆದರೆ ಕಾರ್ಖಾನೆಯಲ್ಲೇ ಮಾಲು ತುಂಬಿ ಸೀಲ್ ಮಾಡಿದ ಪ್ಯಾಕೇಜಿಂಗ್‌ಗೆ ವಿನಾಯಿತಿ ಕೊಟ್ಟಿತು. ದೇಶದಲ್ಲಿ 2022ರ ಜುಲೈ 1ರಿಂದ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೂ ಚಿಪ್ಸ್, ಬಿಸ್ಕತ್ ಪ್ಯಾಕೆಟ್ ಇಲ್ಲ. ಅವುಗಳಿಗೆ ನಿಷೇಧ ಬೇಡ, ಇಪಿಆರ್ ಸಾಕು ಅನ್ನೋದು ಸರ್ಕಾರದ ದಾರಿ. ಇಪಿಆರ್ ಸರಿಯಾಗಿ ನಡೆಯದಿದ್ರೆ ಆ ವಿನಾಯಿತಿಗೆ ಅರ್ಥ ಉಳಿಯಲ್ಲ.

ಒಂದು ಮಾತ್ರ ಗೊತ್ತಿರಲಿ. ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಇರುವ ಪೊಟ್ಟಣದಲ್ಲಿ ತುಂಬೋದು, ಮಾರೋದು 2016ರ ನಿಯಮದ ಪ್ರಕಾರವೇ ತಪ್ಪು. ಅಂಥ ಪೊಟ್ಟಣ ಬಿದ್ದಿದ್ರೆ ಪ್ರಶ್ನೆ ಮಾಡಬೇಕಾದದ್ದು ಉಗಿದು ಎಸೆದವರನ್ನು ಮಾತ್ರ ಅಲ್ಲ, ತುಂಬಿ ಕಳಿಸಿದವರನ್ನೂ.

ವಾಪಸ್ ಕೊಟ್ರೆ ದುಡ್ಡು: ಹಳೇ ಪದ್ಧತಿ, ಹೊಸ ದಾರಿ

ಕಂಪನಿಯೇ ಖಾಲಿ ವಾಪಸ್ ತಗೊಳ್ಳೋದು ನಮಗೆ ಹೊಸದಲ್ಲ. ಗೋಲಿ ಸೋಡಾ ಕುಡಿದು ಬಾಟಲಿ ಅಂಗಡಿಯಲ್ಲೇ ಬಿಟ್ಟು ಬರ್ತಿದ್ದರು. ಕೂಲ್ ಡ್ರಿಂಕ್ಸ್ ಗಾಜಿನ ಬಾಟಲಿ ಮನೆಗೆ ಬೇಕು ಅಂದ್ರೆ ಅಂಗಡಿಯಲ್ಲಿ ಡಿಪಾಸಿಟ್ ಇಡಬೇಕಿತ್ತು. ಖಾಲಿ ಬಾಟಲಿ ಕ್ರೇಟ್ ಸಮೇತ ಅದೇ ಗಾಡಿಯಲ್ಲಿ ಫ್ಯಾಕ್ಟರಿಗೆ ವಾಪಸ್ ಹೋಗ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಮಾಲು ತರುವ ಗಾಡಿ ಖಾಲಿಯಾಗಿ ಹೋಗುತ್ತೆ, ಬಾಟಲಿ ಊರಲ್ಲೇ ಉಳಿಯುತ್ತೆ. ತೆಂಗಿನ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳನೀರು ಕುಡಿದು ಎಸೆದ ಬುರುಡೆ ಒಣಗಿದ್ರೆ ಒಲೆಗೆ, ಕೊಳೆತರೆ ಗೊಬ್ಬರಕ್ಕೆ. ನೀರಿನ ಬಾಟಲಿ ಎರಡೂ ಆಗಲ್ಲ.

ಪಕ್ಕದ ತಮಿಳುನಾಡಿನಲ್ಲಿ ಡಿಪಾಸಿಟ್ ಪದ್ಧತಿ ಮತ್ತೆ ಬಂದಿದೆ. ಮದ್ರಾಸ್ ಹೈಕೋರ್ಟ್ ನಿರ್ದೇಶನದ ಮೇಲೆ 2022ರಲ್ಲಿ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ಕೊಟ್ರೆ ಆ 10 ರೂಪಾಯಿ ವಾಪಸ್ ಕೊಡೋಕೆ ಶುರು ಮಾಡಿದರು. ಕಾಡಲ್ಲಿ ಒಡೆದ ಬಾಟಲಿ ಆನೆಗಳ ಕಾಲಿಗೆ ಚುಚ್ಚುತ್ತಿದ್ದದ್ದು ಇದಕ್ಕೆ ಕಾರಣ. ಆಮೇಲೆ ಬೇರೆ ಜಿಲ್ಲೆಗಳಿಗೂ ಇದು ಹರಡಿತು. 2022ರ ಇಪಿಆರ್ ಮಾರ್ಗಸೂಚಿಯಲ್ಲೂ ಕಂಪನಿಗಳು ಇಂಥ ಡಿಪಾಸಿಟ್ ಯೋಜನೆ ಮಾಡಬಹುದು ಅಂತಿದೆ.

ಇದಕ್ಕೆ ನಮ್ಮ ಕಡೆ ತಕ್ಕ ಜಾಗ ಬೇಲೂರು, ಹಳೇಬೀಡು. 2023ರ ಸೆಪ್ಟೆಂಬರ್‌ನಲ್ಲಿ ಎರಡೂ ದೇವಾಲಯಗಳು ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಬಂದವರು ಕುಡಿದ ನೀರಿನ ಬಾಟಲಿ, ತಿಂದ ಚಿಪ್ಸ್ ಕವರ್ ಸ್ಥಳೀಯ ಸಂಸ್ಥೆಗಳ ಪಾಲಿಗೆ. ಮಾರುವ ಅಂಗಡಿಗಳು ದೇವಸ್ಥಾನದ ಸುತ್ತಮುತ್ತಲೇ ಇರೋದರಿಂದ ಡಿಪಾಸಿಟ್ ತಗೊಂಡು ವಾಪಸ್ ಕೊಡೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ.

ಊರಿನ ಮಟ್ಟದಲ್ಲಿ ಏನು ಮಾಡಬಹುದು?

ಮೊದಲನೆಯದು, ಒಣ ಕಸ ಒಟ್ಟು ಮಾಡೋದು. ಒಂದೊಂದು ಪಂಚಾಯಿತಿ ಹತ್ರ ನಾಲ್ಕು ಚೀಲ ಕವರ್ ಇದ್ರೆ ಯಾವ ಘಟಕದವರೂ ಲಾರಿ ಕಳಿಸಲ್ಲ. ಟನ್‌ಗಟ್ಟಲೆ ಇದ್ರೆ ಮಾತುಕತೆಗೆ ಬರ್‍ತಾರೆ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಮಾಡಿದ್ದು ಇದನ್ನೇ. ಸುತ್ತಲಿನ ಹತ್ತಾರು ಗ್ರಾಮ ಪಂಚಾಯಿತಿಗಳ ಒಣ ಕಸ ಒಂದೇ ಕಡೆ ತಂದು ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಅಲ್ಲಿದೆ. ಅರಸೀಕೆರೆ ನಗರಸಭೆ ಮತ್ತು ತಾಲ್ಲೂಕಿನ ಪಂಚಾಯಿತಿಗಳ ‘ಸ್ವಚ್ಛ ಸಂಕೀರ್ಣ’ಗಳು ಸೇರಿದ್ರೆ ಚೌಕಾಸಿ ಮಾಡುವ ಬಲ ಬರುತ್ತೆ.

ಎರಡನೆಯದು, ಬ್ರ್ಯಾಂಡ್ ಲೆಕ್ಕ. ಒಂದು ವಾರ್ಡಿನ ಒಂದು ವಾರದ ಒಣ ಕಸದಲ್ಲಿ ಯಾವ ಕಂಪನಿಯ ಪ್ಯಾಕೆಟ್ ಎಷ್ಟಿದೆ ಅಂತ ಎಣಿಸಿ ಬರೆದಿಡಬಹುದು. ಕಾಲೇಜಿನ ಎನ್‌ಎಸ್‌ಎಸ್ ಘಟಕಗಳೂ ಮಾಡಬಹುದಾದ ಕೆಲಸ. ಆ ಪಟ್ಟಿ ಹಿಡಿದು ನಗರಸಭೆ ಕಂಪನಿಗಳಿಗೆ ಪತ್ರ ಬರೆಯಬಹುದು, ಹಾಸನದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಕೊಡಬಹುದು. ಕಂಪನಿಗಳಿಂದ ವಸೂಲಾದ ಪರಿಸರ ಪರಿಹಾರದ ಹಣ ಪ್ರತ್ಯೇಕ ಖಾತೆಯಲ್ಲಿ ಇರಬೇಕು, ಸಂಗ್ರಹ ಆಗದೆ ಉಳಿದ ಕಸಕ್ಕೇ ಅದನ್ನು ಬಳಸಬೇಕು ಅಂತ ಮಾರ್ಗಸೂಚಿ ಹೇಳುತ್ತೆ. ನಮ್ಮಲ್ಲಿ ಸಂಗ್ರಹ ಆಗದೆ ಉಳಿದದ್ದು ಇಷ್ಟಿದೆ ಅಂತ ಲೆಕ್ಕ ಕೊಟ್ಟವರೇ ಆ ಹಣದ ಬಗ್ಗೆ ಕೇಳೋಕೆ ಸಾಧ್ಯ.

ಮೂರನೆಯದು, ಮನೆಯವರ ಕೆಲಸ. ಕಂಪನಿಗೆ ಹೊಣೆ ಇದೆ ಅಂದ ಮಾತ್ರಕ್ಕೆ ನಮಗಿಲ್ಲ ಅಂತಲ್ಲ. ಸಾಂಬಾರ್ ಮೆತ್ತಿದ ಕವರ್ ಯಾವ ಮರುಬಳಕೆ ಘಟಕಕ್ಕೂ ಬೇಡ. ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಡೋದು, ಹಾಲಿನ ಕವರ್ ಒಮ್ಮೆ ತೊಳೆದು ಒಣಗಿಸೋದು, ತೋಟದ ಮೂಲೆಯಲ್ಲಿ ಪ್ಲಾಸ್ಟಿಕ್‌ಗೆ ಬೆಂಕಿ ಹಾಕದಿರೋದು, ಉಳಿದ ಊಟ ಕವರ್‌ನಲ್ಲಿ ಕಟ್ಟಿ ಎಸೆಯದಿರೋದು. ಕೊನೆಯದನ್ನು ದನ ಸಾಕಿದವರಿಗೆ ಹೇಳಬೇಕಾಗಿಲ್ಲ. ಊಟದ ವಾಸನೆಗೆ ದನ ಕವರ್ ಸಮೇತ ನುಂಗುತ್ತೆ.

ಇನ್ನೊಂದು ಸಣ್ಣ ಕೆಲಸ ಇದೆ. ಮುಂದಿನ ಸಲ ಪ್ಯಾಕೆಟ್ ಎಸೆಯುವ ಮುಂಚೆ ಹಿಂದೆ ತಿರುಗಿಸಿ ನೋಡಿ. ಅದರ ಮೇಲೆ ತಯಾರಕರ ಹೆಸರು, ನೋಂದಣಿ ಸಂಖ್ಯೆ ಇರಬೇಕು ಅಂತ ನಿಯಮ. 2025ರ ಜುಲೈ 1ರಿಂದ ಆ ವಿವರವನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕವೂ ಕೊಡಬಹುದು ಅಂತಾಗಿದೆ. ಚರಂಡಿಯಲ್ಲಿ ಸಿಕ್ಕ ಕವರ್ ಅನಾಥ ಅಲ್ಲ, ಅದರ ಮೇಲೆ ವಿಳಾಸ ಇದೆ. ಆ ವಿಳಾಸಕ್ಕೆ ಅರಸೀಕೆರೆಯಿಂದ ಬಿಲ್ ಹೋಗಬೇಕು ಅಂದ್ರೆ ಮೊದಲು ಇಲ್ಲಿ ಯಾರಾದ್ರೂ ಎಣಿಸೋಕೆ ಶುರು ಮಾಡಬೇಕು.